ಕಾಲೇಜ್ ಪ್ರಿಂಟರ್‌ಗೆ ಸ್ವಂತ ಲ್ಯಾಪ್‌ಟಾಪ್ ಕನೆಕ್ಟ್ ಮಾಡೋದು: ಮೊದ್ಲು ಹೋಗಿ ಪ್ರಿಂಟರ್ ಬೆನ್ನು ನೋಡ್ಕೊಂಡು ಬನ್ನಿ

"ಅಣ್ಣಾ, ಪ್ರಿಂಟರ್ ಸಿಗವಲ್ದು ನೋಡ್ರಿ" ಅಂತ ನಮ್ ಹಾಸ್ಟೆಲ್‌ನ ಹುಬ್ಬಳ್ಳಿ ಕಡೆ ಹುಡುಗ ಒಬ್ಬ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಎತ್ಕೊಂಡು ರೂಮಿಗೆ ಬಂದ. ಬೆಳಿಗ್ಗೆ ಸೆಮಿನಾರ್ ರಿಪೋರ್ಟ್ ಕೊಡ್ಬೇಕಿತ್ತಂತೆ. ನಾನು ಕೇಳಿದ್ದು ಒಂದೇ, ಆ ಪ್ರಿಂಟರ್ ಹಿಂದೆ ಯಾವ ವೈರ್ ಸಿಕ್ಕಿಸಿದಾರೆ ನೋಡಿದ್ಯಾ? ನೋಡಿರಲಿಲ್ಲ. ಯಾರೂ ನೋಡಿರಲ್ಲ. ಎಲ್ಲರೂ ಸೀದಾ ಗೂಗಲ್‌ಗೆ ಹೋಗಿ ಡ್ರೈವರ್ ಹುಡುಕಿ, ಸಿಕ್ಕಿದ್ದು ಇನ್‌ಸ್ಟಾಲ್ ಮಾಡಿ, ಅದರ ಜೊತೆ ಎರಡು ಬೇಡದ ಆಂಟಿವೈರಸ್ಸೂ ಹಾಕ್ಕೊಂಡು ಆಮೇಲೆ ನಮ್ ಹತ್ರ ಬರ್ತಾರೆ.

ಕಾಲೇಜಲ್ಲಿ ಎಲ್ಲರೂ ಬಳಸೋ ಪ್ರಿಂಟರ್‌ಗಳು ಹೊರಗಿಂದ ಒಂದೇ ಥರ ಕಾಣಿಸಿದ್ರೂ ಒಳಗೆ ಮೂರು ಜಾತಿ. ಒಂದು, ಪ್ರಿಂಟರ್‌ಗೇ ಸ್ವಂತ ನೆಟ್‌ವರ್ಕ್ ವಿಳಾಸ ಇರೋದು. ಎರಡು, ನಡುವೆ ಒಂದು ಸರ್ವರ್ ಕೂತ್ಕೊಂಡು ಎಲ್ಲರ ಪ್ರಿಂಟೂ ಇಸ್ಕೊಂಡು ಲೆಕ್ಕ ಬರೆದು ಕಳಿಸೋದು, ಲೈಬ್ರರಿಯಲ್ಲಿ ಐಡಿ ಕಾರ್ಡ್ ತೋರಿಸಿದ್ರೆ ಪ್ರಿಂಟ್ ಬರತ್ತಲ್ಲ ಅದು. ಮೂರು, ಡಿಪಾರ್ಟ್‌ಮೆಂಟ್ ಆಫೀಸಲ್ಲಿ ಯಾರದೋ ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿರೋ ಸಣ್ಣ ಪ್ರಿಂಟರ್. ಈ ಮೂರಕ್ಕೂ ಕನೆಕ್ಟ್ ಮಾಡೋ ದಾರಿ ಬೇರೆ ಬೇರೆ, ಒಂದರ ದಾರಿ ಇನ್ನೊಂದಕ್ಕೆ ಹಾಕಿದ್ರೆ ರಾತ್ರಿಯೆಲ್ಲಾ ಕೂತ್ರೂ ಆಗಲ್ಲ, ಅದಕ್ಕೇ ಹೇಳೋದು ಮೊದ್ಲು ಎದ್ದು ಹೋಗಿ ಅದರ ಬೆನ್ನು ನೋಡ್ಕೊಂಡು ಬನ್ನಿ ಅಂತ. ದಪ್ಪಗೆ ಚೌಕ ಚೌಕವಾಗಿರೋ ಯುಎಸ್‌ಬಿ ಪಿನ್ ಮಾತ್ರ ಇದ್ದು ಆ ವೈರ್ ಪಕ್ಕದ ಸಿಪಿಯುಗೆ ಹೋಗಿದ್ರೆ ಮೂರನೇ ಜಾತಿ. ಟಕ್ ಅಂತ ಲಾಕ್ ಆಗೋ ಲ್ಯಾನ್ ಕೇಬಲ್ ಇದ್ದು ಪಕ್ಕದಲ್ಲಿ ಹಸಿರೋ ಕಿತ್ತಳೆಯೋ ಲೈಟ್ ಮಿಣುಕ್ತಿದ್ರೆ ಮೊದಲನೇದು ಇಲ್ಲಾ ಎರಡನೇದು. ಕಾರ್ಡ್ ರೀಡರ್ ಅಂಟಿಸಿದ್ರೆ ಅಥವಾ ಗೋಡೆ ಮೇಲೆ "ಲಾಗಿನ್ ಆಗಿ ರಿಲೀಸ್ ಮಾಡಿ" ಅಂತ ನೋಟಿಸ್ ಇದ್ರೆ ಎರಡನೇದೇ.

(ನೋಟಿಸ್ ಅಂದಾಗ ನೆನಪಾಯ್ತು, ನಮ್ ಲ್ಯಾಬ್ ಗೋಡೆ ಮೇಲೆ ಇನ್ನೂ ಗೂಗಲ್ ಕ್ಲೌಡ್ ಪ್ರಿಂಟ್‌ಗೆ ಕನೆಕ್ಟ್ ಮಾಡೋದು ಹೇಗೆ ಅಂತ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಇದೆ. ಆ ಸರ್ವಿಸ್‌ನ ಗೂಗಲ್ 2020ರ ಡಿಸೆಂಬರ್ 31ಕ್ಕೇ ನಿಲ್ಲಿಸ್ತು. ಗೋಡೆ ಮೇಲಿನ ನೋಟಿಸ್ ಓದಿ, ಆದ್ರೆ ಅದರ ತಾರೀಖೂ ಓದಿ.)

ಮೊದಲನೇ ಜಾತಿ: ಸ್ವಂತ ಐಪಿ ಇರೋದು

ಇದು ಇರೋದ್ರಲ್ಲೇ ಸುಲಭ. ಆದ್ರೂ ಹುಡುಗ್ರು ಇಲ್ಲೇ ಜಾಸ್ತಿ ಎಡವೋದು, ಯಾಕಂದ್ರೆ ಆಡ್ ಡಿವೈಸ್ ಒತ್ತಿ ಸುಮ್ನೆ ಕೂತ್ಕೋತಾರೆ. ಅದು ಸುತ್ತುತ್ತೆ ಸುತ್ತುತ್ತೆ, ಏನೂ ಸಿಗಲ್ಲ. ಸಿಗಲ್ಲ ಯಾಕೆ ಅಂದ್ರೆ ಹೀಗೆ ತಾನಾಗೇ ಹುಡುಕೋದು ಅಂದ್ರೆ ಲ್ಯಾಪ್‌ಟಾಪ್ ನೆಟ್‌ವರ್ಕಲ್ಲಿ "ಯಾರಾದ್ರೂ ಪ್ರಿಂಟರ್ ಇದೀರೇನ್ರೋ" ಅಂತ ಕೂಗಿದ ಹಾಗೆ, ಆ ಕೂಗು ಒಂದೇ ಸಬ್‌ನೆಟ್, ಅಂದ್ರೆ ನೆಟ್‌ವರ್ಕಿನ ಒಂದೇ ಭಾಗದ ಒಳಗೆ ಮಾತ್ರ ಕೇಳಿಸತ್ತೆ. ನೀವಿರೋದು ಹಾಸ್ಟೆಲ್ ವೈಫೈನಲ್ಲಿ, ಪ್ರಿಂಟರ್ ಇರೋದು ಡಿಪಾರ್ಟ್‌ಮೆಂಟಿನ ಲ್ಯಾನ್‌ನಲ್ಲಿ, ಎರಡನ್ನೂ ಅಡ್ಮಿನ್ ಬೇರೆ ಬೇರೆ ಭಾಗ ಮಾಡಿಟ್ಟಿರ್ತಾರೆ. ಹಾಸ್ಟೆಲ್ ಟೆರೇಸ್ ಮೇಲೆ ನಿಂತು ಕೂಗಿದ್ರೆ ಮೆಕ್ಯಾನಿಕಲ್ ಬ್ಲಾಕಲ್ಲಿ ಇರೋನಿಗೆ ಕೇಳ್ಸಲ್ಲ, ಆದ್ರೆ ನಂಬರ್ ಇದ್ರೆ ಫೋನ್ ಮಾಡ್ಬಹುದು ಅಲ್ವಾ, ಆ ನಂಬರ್ರೇ ಐಪಿ ಅಡ್ರೆಸ್.

ಅದು ಎಲ್ಲಿ ಸಿಗತ್ತೆ? ಪ್ರಿಂಟರ್ ಮೇಲೆ ಸ್ಟಿಕರ್ ಇರ್ಬಹುದು. ಇಲ್ಲಾ ಅದರ ಸಣ್ಣ ಸ್ಕ್ರೀನಲ್ಲಿ ಮೆನುಗೆ ಹೋಗಿ ನೆಟ್‌ವರ್ಕ್ ಅಂತ ಹುಡುಕಿ, ಅಥವಾ ರಿಪೋರ್ಟ್ಸ್ ಒಳಗೆ ಕಾನ್ಫಿಗರೇಶನ್ ಪೇಜ್ ಅಂತಿರತ್ತೆ, ಅದನ್ನ ಪ್ರಿಂಟ್ ಕೊಟ್ರೆ ಒಂದು ಹಾಳೆ ಬರತ್ತೆ, ಅದರಲ್ಲಿ ಐಪಿ, ಮಾಡೆಲ್, ಯಾವ ಭಾಷೆ ಅರ್ಥ ಆಗತ್ತೆ ಎಲ್ಲಾ ಬರೆದಿರತ್ತೆ. ಆ ಹಾಳೆ ಎಸೀಬೇಡಿ, ಫೋಟೋ ತೆಗೆದಿಟ್ಕೊಳ್ಳಿ. ನಂಬರ್ 10.20.4.35 ಅಥವಾ 192.168.5.40 ಥರ ಇರತ್ತೆ. 169.254 ಅಂತ ಶುರುವಾಗಿದ್ರೆ ಅದು ನೆಟ್‌ವರ್ಕ್ ಕೊಟ್ಟ ವಿಳಾಸ ಅಲ್ಲ, ಎಲ್ಲೂ ಸಿಗದೆ ಪ್ರಿಂಟರ್ ತಾನೇ ಇಟ್ಕೊಂಡಿರೋದು, ಆಗ ನಿಮ್ ಲ್ಯಾಪ್‌ಟಾಪಲ್ಲಿ ಏನು ಮಾಡಿದ್ರೂ ಪ್ರಯೋಜನ ಇಲ್ಲ, ಲ್ಯಾನ್ ಕೇಬಲ್ ಸರಿಯಾಗಿ ಕೂತಿದ್ಯಾ ನೋಡಿ ಅಡ್ಮಿನ್‌ಗೆ ಹೇಳಿ.

ಐಪಿ ಸಿಕ್ಕಿದ ತಕ್ಷಣ ಇನ್‌ಸ್ಟಾಲ್‌ಗೆ ಹೋಗ್ಬೇಡಿ. ಬ್ರೌಸರ್ ತೆಗೆದು ಅಡ್ರೆಸ್ ಬಾರಲ್ಲಿ ಆ ನಂಬರ್ ಹೊಡೀರಿ. ಈಗಿನ ಆಫೀಸ್ ಪ್ರಿಂಟರ್‌ಗಳು ಹೆಚ್ಚಿನವು ತಮ್ಮದೇ ಒಂದು ವೆಬ್ ಪೇಜ್ ತೋರಿಸ್ತವೆ, ಟೋನರ್ ಎಷ್ಟಿದೆ, ಯಾವ ಟ್ರೇನಲ್ಲಿ ಪೇಪರ್ ಇಲ್ಲ ಅಂತೆಲ್ಲ. ಆ ಪೇಜ್ ಬಂತು ಅಂದ್ರೆ ನಿಮಗೂ ಪ್ರಿಂಟರ್‌ಗೂ ದಾರಿ ಇದೆ ಅಂತ ಅರ್ಥ, ಮುಕ್ಕಾಲು ಕೆಲಸ ಮುಗೀತು. ಬರ್ಲಿಲ್ಲ ಅಂದ್ರೆ ಕಾಲೇಜಿನ ಬೇರೆ ವೈಫೈಗೆ ಹಾಕಿ ನೋಡಿ. ಗೆಸ್ಟ್ ವೈಫೈ ಆಗಿದ್ರೆ ಅಲ್ಲಿ ಒಂದು ಡಿವೈಸ್ ಇನ್ನೊಂದನ್ನ ನೋಡದ ಹಾಗೆ ಬೇಕಂತಲೇ ತಡೆದಿರ್ತಾರೆ, ಇಂಟರ್ನೆಟ್ ಬರತ್ತೆ ಪ್ರಿಂಟರ್ ಬರಲ್ಲ. ಬ್ರೌಸರಲ್ಲಿ ಲಾಗಿನ್ ಪೇಜ್ ಬರೋ ವೈಫೈ ಆದ್ರೆ ಮೊದ್ಲು ಅಲ್ಲಿ ಲಾಗಿನ್ ಆಗಿ. ವಿಪಿಎನ್ ಆನ್ ಇದ್ರೆ ಆಫ್ ಮಾಡಿ, ಇದನ್ನ ಎಷ್ಟು ಜನ ಮರೀತಾರೆ ಅಂದ್ರೆ, ಮ್ಯಾಚ್ ನೋಡೋಕೆ ಅಂತ ಫ್ರೀ ವಿಪಿಎನ್ ಹಾಕಿರ್ತಾರೆ, ಪ್ರಿಂಟ್ ಕೊಟ್ಟಾಗ ಅದು ಯಾವ ದೇಶ ಸುತ್ತಿ ಬರ್ಬೇಕು ಪಾಪ. ಎಡುರೋಮ್ ವೈಫೈ ಬಗ್ಗೆಯೂ ಒಂದ್ ಮಾತು, ಭಾರತದಲ್ಲಿ ಅದನ್ನ ಅರ್ನೆಟ್ ಅನ್ನೋ ಸರ್ಕಾರಿ ಸಂಸ್ಥೆ ನೋಡ್ಕೊಳ್ಳತ್ತೆ, ನಿಮ್ ಕಾಲೇಜಿನ ಐಡಿಯಲ್ಲೇ ಬೇರೆ ಕ್ಯಾಂಪಸ್‌ಗೆ ಹೋದಾಗಲೂ ನೆಟ್ ಸಿಗತ್ತೆ, ಆದ್ರೆ ಅಲ್ಲಿಯ ಪ್ರಿಂಟರ್ರೂ ಸಿಗತ್ತೆ ಅನ್ಕೊಂಡು ಕಾನ್ಫರೆನ್ಸ್ ಪೋಸ್ಟರ್ ಕೊನೇ ಗಳಿಗೆಗೆ ಇಟ್ಕೋಬೇಡಿ.

ಈಗ ವಿಂಡೋಸ್ 11ರಲ್ಲಿ: ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ಅಲ್ಲಿ ಆಡ್ ಡಿವೈಸ್ ಒತ್ತಿ. ಒಂದು ಹತ್ತು ಸೆಕೆಂಡ್ ಬಿಟ್ರೆ ಕೆಳಗೆ ಮ್ಯಾನ್ಯುಯಲ್ ಆಗಿ ಸೇರಿಸೋ ಆಯ್ಕೆ ಬರತ್ತೆ, ಅದೇ ನಮಗೆ ಬೇಕಾಗಿರೋದು. ಒಳಗೆ ಐಪಿ ಅಡ್ರೆಸ್ ಅಥವಾ ಹೋಸ್ಟ್‌ನೇಮ್ ಕೊಟ್ಟು ಸೇರಿಸೋದು ಅಂತ ಒಂದು ಸಾಲಿದೆ, ಆರಿಸಿ. ಡಿವೈಸ್ ಟೈಪ್ ಅಂತ ಕೇಳೋ ಕಡೆ ಆಟೋ ಡಿಟೆಕ್ಟ್ ಬಿಟ್ಟು ಟಿಸಿಪಿ ಐಪಿ ಡಿವೈಸ್ ಅಂತ ಇಡಿ. ಯಾಕೆ ಅಂದ್ರೆ ಆಟೋಗೆ ಬಿಟ್ರೆ ವಿಂಡೋಸ್ ಕೆಲವು ಸಲ ಡಬ್ಲ್ಯುಎಸ್‌ಡಿ ಅನ್ನೋ ಇನ್ನೊಂದು ಥರದ ಪೋರ್ಟ್ ಮಾಡತ್ತೆ, ಅದು ಇವತ್ತು ಸರಿಯಿರತ್ತೆ, ಪ್ರಿಂಟರ್ ಒಂದ್ಸಲ ನಿದ್ದೆ ಮಾಡಿ ಎದ್ರೆ ನಾಳೆ ಆಫ್‌ಲೈನ್ ಅಂತ ತೋರಿಸ್ಕೊಂಡು ಕೂರತ್ತೆ. ಐಪಿ ಹಾಕಿ ನೆಕ್ಸ್ಟ್ ಕೊಡಿ, ಡ್ರೈವರ್ ಕೇಳತ್ತೆ.

ಡ್ರೈವರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಡ್ರೈವರ್ ಅಂದ್ರೆ ನಿಮ್ ವರ್ಡ್ ಫೈಲನ್ನ ಪ್ರಿಂಟರ್‌ಗೆ ಅರ್ಥ ಆಗೋ ಭಾಷೆಗೆ ತಿರುಗಿಸೋ ದುಭಾಷಿ. ಆ ಭಾಷೆಗಳಲ್ಲಿ ಮುಖ್ಯವಾದವು ಎರಡು, ಎಚ್‌ಪಿ ಶುರು ಮಾಡಿದ ಪಿಸಿಎಲ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್. ಪ್ರಿಂಟರ್‌ಗೆ ಪಿಸಿಎಲ್ ಮಾತ್ರ ಗೊತ್ತಿದ್ದು ನೀವು ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕಿದ್ರೆ ಅದು ಎರರ್ ಕೊಡಲ್ಲ, ಬಂದಿದ್ದನ್ನೆಲ್ಲ ಅಕ್ಷರ ಅನ್ಕೊಂಡು ಅಚ್ಚು ಹಾಕ್ತಾ ಹೋಗತ್ತೆ. ಹಾಳೆ ತಲೇಲಿ ಶೇಕಡಾ ಚಿಹ್ನೆ, ಆಶ್ಚರ್ಯ ಚಿಹ್ನೆ, ಆಮೇಲೆ ಎರಡು ಸಾಲು ಏನೋ ಕೋಡ್, ಮುಂದಿನ ಹಾಳೆಯಲ್ಲಿ ಇನ್ನೆರಡು ಸಾಲು, ಹಾಗೇ ನೂರಾರು ಹಾಳೆ. ನನ್ನ ಕಣ್ಣೆದುರಿಗೇ ಲ್ಯಾಬಿನ ಹೊಸ ರೀಮ್‌ನಲ್ಲಿ ಅರ್ಧ ಹೀಗೆ ಹೋಗಿದೆ. ಹೀಗಾದಾಗ ಎಲ್ಲರೂ ಮಾಡೋ ತಪ್ಪು ಅಂದ್ರೆ ಪ್ರಿಂಟರ್ ಸ್ವಿಚ್ ಆಫ್ ಮಾಡೋದು. ಆನ್ ಮಾಡಿದ ತಕ್ಷಣ ಲ್ಯಾಪ್‌ಟಾಪ್ ಅದನ್ನೇ ಮತ್ತೆ ಕಳಿಸತ್ತೆ. ಮೊದ್ಲು ಪೇಪರ್ ಟ್ರೇ ಎಳೆದು ಹೊರಗೆ ತೆಗೀರಿ, ಆಮೇಲೆ ಲ್ಯಾಪ್‌ಟಾಪಲ್ಲಿ ಕ್ಯೂ, ಅಂದ್ರೆ ಕಾಯ್ತಿರೋ ಪ್ರಿಂಟ್‌ಗಳ ಪಟ್ಟಿ, ತೆರೆದು ಆ ಜಾಬ್ ಕ್ಯಾನ್ಸಲ್ ಮಾಡಿ, ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ಟ್ರೇ ಒಳಗೆ. ಇದೇ ಆರ್ಡರ್.

ಯಾವುದು ಹಾಕ್ಬೇಕು ಅಂತ ಡೌಟ್ ಇದ್ರೆ ಆಗಲೇ ಫೋಟೋ ತೆಗೆದ ಕಾನ್ಫಿಗರೇಶನ್ ಹಾಳೆ ನೋಡಿ. ಎಚ್‌ಪಿ ಆದ್ರೆ ಅವರ ಸೈಟಲ್ಲೇ ಯೂನಿವರ್ಸಲ್ ಪ್ರಿಂಟ್ ಡ್ರೈವರ್ ಅಂತ ಸಿಗತ್ತೆ, ಪಿಸಿಎಲ್ 6 ಅನ್ನೋದು ತಗೊಳ್ಳಿ, ಎಚ್‌ಪಿಯ ನೆಟ್‌ವರ್ಕ್ ಇರೋ ಆಫೀಸ್ ಮಾಡೆಲ್‌ಗಳಲ್ಲಿ ಬಹಳಷ್ಟಕ್ಕೆ ನಡೆಯತ್ತೆ. ಕ್ಯಾನನ್, ರಿಕೋ, ಕ್ಯೋಸೆರಾ ಯಾವುದೇ ಆಗ್ಲಿ ಕಂಪನಿ ಸೈಟಿಂದಲೇ ಇಳಿಸ್ಕೊಳ್ಳಿ, ಗೂಗಲಲ್ಲಿ ಮೊದಲು ಬರೋ "ಫ್ರೀ ಡ್ರೈವರ್ ಡೌನ್‌ಲೋಡ್" ಸೈಟಿಂದ ಅಲ್ಲ.

ಎಲ್ಲಾ ಸರಿ ಮಾಡಿದ್ಮೇಲೂ ಆಫ್‌ಲೈನ್ ಅಂತ ಬೂದು ಬಣ್ಣದಲ್ಲಿ ತೋರಿಸ್ತಿದ್ರೆ, ಬ್ರೌಸರಲ್ಲಿ ಪ್ರಿಂಟರ್ ಪೇಜ್ ಮಾತ್ರ ಚೆನ್ನಾಗೇ ಬರ್ತಿದ್ರೆ, ಪ್ರಿಂಟರ್ ಪ್ರಾಪರ್ಟೀಸ್ ಒಳಗೆ ಪೋರ್ಟ್ಸ್ ಟ್ಯಾಬ್, ಕಾನ್ಫಿಗರ್ ಪೋರ್ಟ್, ಅಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಅಂತ ಒಂದು ಟಿಕ್ ಇದೆ, ತೆಗೆದು ಹಾಕಿ. ವಿಂಡೋಸ್ ಆ ಮೂಲಕ "ಇದ್ದೀಯಾ" ಅಂತ ಕೇಳ್ತಿರತ್ತೆ, ಕಾಲೇಜ್ ನೆಟ್‌ವರ್ಕಲ್ಲಿ ಆ ಪ್ರಶ್ನೆಗೆ ದಾರಿ ಮುಚ್ಚಿರ್ಬಹುದು, ಉತ್ತರ ಬರ್ಲಿಲ್ಲ ಅಂದ್ರೆ ಆಫ್‌ಲೈನ್ ಅಂತ ಇದೇ ತೀರ್ಮಾನ ಮಾಡ್ಕೊಂಡ್ಬಿಡತ್ತೆ. ಇನ್ನೊಂದು ಕಾರಣ, ಕರೆಂಟ್ ಹೋಗಿ ಬಂದ್ಮೇಲೆ ಪ್ರಿಂಟರ್‌ಗೆ ಬೇರೆ ಐಪಿ ಸಿಕ್ಕಿರೋದು. ಅಡ್ಮಿನ್ ಆ ಪ್ರಿಂಟರ್‌ಗೆ ಅಂತ ಒಂದು ನಂಬರ್ ಕಾಯಂ ಮಾಡಿಟ್ರೆ ಈ ಗೋಳು ಇರಲ್ಲ, ಹೇಳಿ ನೋಡಿ, ಅವರಿಗೆ ಎರಡು ನಿಮಿಷದ ಕೆಲಸ.

ಮ್ಯಾಕ್‌ನೋರಿಗೆ ಜಾಸ್ತಿ ಹೇಳೋದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ಆಡ್ ಪ್ರಿಂಟರ್, ಮೇಲೆ ಭೂಗೋಳದ ಥರ ಇರೋ ಐಕಾನ್ ಒತ್ತಿ ಐಪಿ ಹಾಕಿ, ಪ್ರೋಟೋಕಾಲ್ ಏರ್‌ಪ್ರಿಂಟ್ ಇಡಿ, ಆಗ್ಲಿಲ್ಲ ಅಂದ್ರೆ ಐಪಿಪಿ, ಅದೂ ಆಗ್ಲಿಲ್ಲ ಅಂದ್ರೆ ಜೆಟ್‌ಡೈರೆಕ್ಟ್. ಲಿನಕ್ಸಲ್ಲಿ ಕಪ್ಸ್ ಅನ್ನೋ ವ್ಯವಸ್ಥೆ ಇರತ್ತೆ, ಬ್ರೌಸರಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೆದು ಕೋಲನ್ ಹಾಕಿ 631 ಅಂದ್ರೆ ಅದರ ಪೇಜ್ ತೆರೆಯತ್ತೆ, ಆಡ್ ಪ್ರಿಂಟರಲ್ಲಿ ಐಪಿಪಿ ಆರಿಸಿ ವಿಳಾಸ ಕೊಟ್ಟು ಡ್ರೈವರ್ ಜಾಗದಲ್ಲಿ ಐಪಿಪಿ ಎವ್ರಿವೇರ್ ಇಡಿ, ಪ್ರಿಂಟರ್ ತೀರಾ ಹಳೇದಲ್ಲದಿದ್ರೆ ಬೇರೆ ಡ್ರೈವರ್ರೇ ಬೇಡ. ಈ ಕಪ್ಸ್ 1999ರಲ್ಲಿ ಬಂದಿದ್ದು, ಆಪಲ್ 2002ರಲ್ಲಿ ಅದನ್ನೇ ಮ್ಯಾಕ್ ಒಳಗೆ ಹಾಕ್ಕೊಳ್ತು. ಹಾಗಾಗಿ ಲಿನಕ್ಸಲ್ಲಿ ಪ್ರಿಂಟರ್ ನಡೆಯಲ್ಲ ಅಂತ ನಗೋ ಮ್ಯಾಕ್ ಗೆಳೆಯನಿಗೆ ಇದನ್ನ ಹೇಳಿ, ಇಬ್ಬರ ಹೊಟ್ಟೆ ಒಳಗೂ ಒಂದೇ ಯಂತ್ರ. ಇನ್ನೂ ಹಿಂದಕ್ಕೆ ಹೋದ್ರೆ ಫ್ರೀ ಸಾಫ್ಟ್‌ವೇರ್ ಚಳವಳಿಯ ಬೀಜವೇ ಕ್ಯಾಂಪಸ್ ಪ್ರಿಂಟರ್ ಸಿಟ್ಟು, ಎಂಐಟಿ ಲ್ಯಾಬಿನ ಜೆರಾಕ್ಸ್ ಲೇಸರ್ ಪ್ರಿಂಟರ್ ಪೇಪರ್ ಸಿಕ್ಕಾಕೊಂಡಾಗ ಎಲ್ಲರಿಗೂ ಮೆಸೇಜ್ ಹೋಗೋ ಹಾಗೆ ಮಾಡೋಣ ಅಂತ ರಿಚರ್ಡ್ ಸ್ಟಾಲ್‌ಮನ್ ಹೊರಟ್ರೆ ಸೋರ್ಸ್ ಕೋಡ್ ಕೊಡಲ್ಲ ಅಂದ್ಬಿಟ್ರು. 1983ರಲ್ಲಿ ಅವರು ಗ್ನೂ ಅನ್ನೋ ಫ್ರೀ ಸಾಫ್ಟ್‌ವೇರ್ ಯೋಜನೆ ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ. ನಿಮ್ ಸಿಟ್ಟೇನು ಹೊಸದಲ್ಲ ಬಿಡಿ.

ಎರಡನೇ ಜಾತಿ: ನಡುವೆ ಸರ್ವರ್ ಇರೋದು

ಇಲ್ಲಿ ಪ್ರಿಂಟರ್‌ನ ಐಪಿ ಹುಡುಕಿದ್ರೂ ಉಪಯೋಗ ಇಲ್ಲ, ಸೀದಾ ಬರೋ ಪ್ರಿಂಟನ್ನ ಅದು ತಗೊಳ್ಳದ ಹಾಗೆ ಮಾಡಿರ್ತಾರೆ. ಪ್ರತಿ ಹಾಳೆಗೂ ಲೆಕ್ಕ, ಸೆಮಿಸ್ಟರ್‌ಗೆ ಇಷ್ಟು ಪೇಜ್ ಅಂತ ಕೋಟಾ. ಪೇಪರ್‌ಕಟ್ ಅನ್ನೋ ಆಸ್ಟ್ರೇಲಿಯಾ ಕಂಪನಿಯ ಸಾಫ್ಟ್‌ವೇರ್ ಇಂಥಾ ಕಡೆ ಪ್ರಸಿದ್ಧ, ಅಮೆರಿಕ, ಜರ್ಮನಿ ಕಡೆ ಎಂಎಸ್‌ಗೆ ಹೋದ ನಮ್ಮೋರಿಗೂ ಹೆಚ್ಚಾಗಿ ಇಂಥದ್ದೇ ಎದುರಾಗೋದು.

ನಿಮ್ ಕಾಲೇಜಲ್ಲಿ ವೆಬ್ ಪ್ರಿಂಟ್ ಅಂತ ಲಿಂಕ್ ಕೊಟ್ಟಿದ್ರೆ ಬೇರೆ ಯಾವ ದಾರೀನೂ ನೋಡ್ಬೇಡಿ. ಬ್ರೌಸರಲ್ಲಿ ಲಾಗಿನ್ ಆಗಿ, ಪಿಡಿಎಫ್ ಹಾಕಿ, ಎಷ್ಟು ಕಾಪಿ ಅಂತ ಹೇಳಿ, ಪ್ರಿಂಟರ್ ಹತ್ರ ಹೋಗಿ ಕಾರ್ಡ್ ಇಡಿ, ಮುಗೀತು. ಡ್ರೈವರ್ ಇಲ್ಲ ಏನಿಲ್ಲ. ಮೊಬಿಲಿಟಿ ಪ್ರಿಂಟ್ ಅಂತ ಇದ್ರೆ ಅದರದ್ದೊಂದು ಸಣ್ಣ ಇನ್‌ಸ್ಟಾಲರ್ ಇರತ್ತೆ, ಅದೂ ಸುಲಭ. ಎರಡೂ ಇಲ್ಲದೆ ಬರೀ ಸರ್ವರ್ ಹೆಸರು ಕೊಟ್ಟಿದ್ರೆ ಮಾತ್ರ ಈ ಕೆಳಗಿನದ್ದು.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಡಬ್ಬಿಯಲ್ಲಿ ಎರಡು ಹಿಂಗೆರೆ \\ ಹಾಕಿ ಪಕ್ಕಕ್ಕೇ ಸರ್ವರ್ ಹೆಸರು ಬರೆದು ಎಂಟರ್. ಯೂಸರ್‌ನೇಮ್ ಪಾಸ್‌ವರ್ಡ್ ಕೇಳತ್ತೆ. ಇಲ್ಲಿ ನೋಡಿ ಎಡವಟ್ಟಾಗೋದು. ಬರೀ ಯುಎಸ್‌ಎನ್ (ನಿಮ್ ರಿಜಿಸ್ಟರ್ ನಂಬರ್) ಹಾಕಿದ್ರೆ ವಿಂಡೋಸ್ ಅದನ್ನ ನಿಮ್ ಲ್ಯಾಪ್‌ಟಾಪಿನ ಯೂಸರ್ ಅನ್ಕೋಬಹುದು, ಅದಕ್ಕೆ ಮುಂದೆ ಕಾಲೇಜಿನ ಡೊಮೇನ್ ಹೆಸರು, ಒಂದು ಹಿಂಗೆರೆ, ಆಮೇಲೆ ನಿಮ್ ಐಡಿ ಹಾಕ್ಬೇಕು. ಡೊಮೇನ್ ಹೆಸರು ಏನು ಅಂತ ಲೈಬ್ರರಿ ಕಂಪ್ಯೂಟರ್‌ನ ಲಾಗಿನ್ ಸ್ಕ್ರೀನಲ್ಲಿ ಪಾಸ್‌ವರ್ಡ್ ಡಬ್ಬಿ ಕೆಳಗೆ ಸಣ್ಣಗೆ ಬರೆದಿರತ್ತೆ ನೋಡಿ. ಲಾಗಿನ್ ಆದ್ರೆ ಪ್ರಿಂಟರ್‌ಗಳ ಪಟ್ಟಿ ಬರತ್ತೆ, ಬೇಕಾದ್ದರ ಮೇಲೆ ಡಬಲ್ ಕ್ಲಿಕ್.

ನಂದೊಂದು ಕಥೆ. ಮೊದಲನೇ ಸೆಮ್‌ನಲ್ಲಿ ಪ್ರಿಂಟ್ ಕೊಟ್ಟೆ, ಲ್ಯಾಪ್‌ಟಾಪ್ ಪ್ರಿಂಟೆಡ್ ಅಂತು, ಲೈಬ್ರರಿಗೆ ಹೋಗಿ ಕಾರ್ಡ್ ಇಟ್ರೆ ಪಟ್ಟಿ ಖಾಲಿ. ಮತ್ತೆ ಬಂದೆ, ಮತ್ತೆ ಕೊಟ್ಟೆ, ಮತ್ತೆ ಖಾಲಿ. ನಾಲ್ಕನೇ ಸಲ ಕೌಂಟರ್‌ನಲ್ಲಿದ್ದ ಸರ್ ತಮ್ಮ ಸ್ಕ್ರೀನ್ ತಿರುಗಿಸಿ ತೋರಿಸಿದ್ರು, ನಾಲ್ಕೂ ಜಾಬ್ ಅಲ್ಲೇ ಇವೆ, ಆದ್ರೆ ಯೂಸರ್ ಹೆಸರು "ಆಸುಸ್" ಅಂತ. ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿಯೋನು ಅಕೌಂಟ್ ಹೆಸರು ಹಾಗೇ ಇಟ್ಟಿದ್ದ, ಪ್ರಿಂಟ್ ಜಾಬ್ ಆ ಹೆಸರಲ್ಲೇ ಹೋಗಿದೆ, ಕಾಲೇಜಲ್ಲಿ ಆಸುಸ್ ಅನ್ನೋ ವಿದ್ಯಾರ್ಥಿ ಯಾರೂ ಇಲ್ವಲ್ಲ. "ಯಾರಪ್ಪಾ ಇವ್ನು ಆಸುಸ್, ಎಷ್ಟನೇ ಸೆಮ್ಮು?" ಅಂತ ಆ ಸರ್ ಇವತ್ತಿಗೂ ಕಂಡಾಗೆಲ್ಲಾ ಕೇಳ್ತಾರೆ. ಹಾಗಾಗಿ ಪ್ರಿಂಟ್ ಹೋಯ್ತು ಆದ್ರೆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಹೆಸರಿನ ಮೇಲೆ. ಎರಡನೇ ಅನುಮಾನ ಟೈಮ್ ಮೇಲೆ, ರಿಲೀಸ್ ಮಾಡದ ಜಾಬ್‌ನ ಕೆಲವು ಗಂಟೆ ಆದ್ಮೇಲೆ ತಾನೇ ಅಳಿಸೋ ಹಾಗೆ ಇಟ್ಟಿರ್ತಾರೆ, ರಾತ್ರಿ ಕೊಟ್ಟು ಬೆಳಿಗ್ಗೆ ಹೋಗೋ ಪ್ಲಾನ್ ಇದ್ರೆ ಕೇಳ್ಕೊಂಡಿರಿ.

ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಪ್ರಿಂಟ್ ನಿಂತೋಯ್ತು ಅನ್ನೋರು, ವಿಂಡೋಸಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ಅಂತ ಹುಡುಕಿ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಒಳಗೆ ಆ ಸರ್ವರ್ ಹೆಸರಿನದ್ದು ಅಳಿಸಿ. ಹಳೇ ಪಾಸ್‌ವರ್ಡನ್ನೇ ಅದು ಸುಮ್ನೆ ಕಳಿಸ್ತಾ ಇರತ್ತೆ, ಜಾಸ್ತಿ ಸಲ ಆದ್ರೆ ನಿಮ್ ಕಾಲೇಜ್ ಅಕೌಂಟೇ ಲಾಕ್ ಆಗಿ ವೈಫೈನೂ ಹೋಗತ್ತೆ. ಮ್ಯಾಕಲ್ಲಿ ಇದೇ ತೊಂದ್ರೆ ಬಂದ್ರೆ ಕ್ಯೂನಲ್ಲಿ ಹೋಲ್ಡ್ ಫಾರ್ ಅಥೆಂಟಿಕೇಶನ್ ಅಂತ ಕಾಣತ್ತೆ, ಪಕ್ಕದ ರಿಫ್ರೆಶ್ ಗುರುತು ಒತ್ತಿದ್ರೆ ಪಾಸ್‌ವರ್ಡ್ ಕೇಳತ್ತೆ, ಕೇಳ್ದೆ ಹೋದ್ರೆ ಮ್ಯಾಕ್ ಪಾಸ್‌ವರ್ಡ್ ಇಟ್ಕೊಳ್ಳೋ ಕೀಚೈನಿಂದ ಹಳೇದು ತೆಗೀಬೇಕು.

ಡಬಲ್ ಕ್ಲಿಕ್ ಮಾಡಿದಾಗ ಅಡ್ಮಿನ್ ಪರ್ಮಿಷನ್ ಬೇಕು ಅಂತ ಬರೋದು, ಇಲ್ಲಾ ಉದ್ದದ ಎರರ್ ನಂಬರ್ ಬಂದು ಕೊನೇಲಿ 11ಬಿ ಅಂತ ಇರೋದು, ಇವೆರಡಕ್ಕೂ ಹಿನ್ನೆಲೆ 2021. ಆ ವರ್ಷ ಪ್ರಿಂಟ್‌ನೈಟ್‌ಮೇರ್ ಅಂತ ಹೆಸರಾದ ದೊಡ್ಡ ಭದ್ರತಾ ತೂತು ವಿಂಡೋಸಲ್ಲಿ ಪ್ರಿಂಟ್‌ಗಳನ್ನ ಸಾಲಾಗಿ ಕಳಿಸೋ ಪ್ರಿಂಟ್ ಸ್ಪೂಲರಲ್ಲಿ ಸಿಕ್ತು, ಅದಾದ್ಮೇಲೆ ಆಗಸ್ಟ್‌ನಿಂದ ಸರ್ವರಿಂದ ಡ್ರೈವರ್ ಇಳಿಸ್ಕೊಳ್ಳೋಕೆ ಅಡ್ಮಿನ್ ಹಕ್ಕು ಬೇಕೇ ಬೇಕು ಅಂತ ಮೈಕ್ರೋಸಾಫ್ಟ್ ಮಾಡ್ತು. ನಿಮ್ದೇ ಲ್ಯಾಪ್‌ಟಾಪ್ ಆದ್ರೆ ನೀವೇ ಅಡ್ಮಿನ್, ಎಸ್ ಅಂದ್ರಾಯ್ತು. 11ಬಿ ಬಂದ್ರೆ ಒಂದು ಕಡೆ ಅಪ್‌ಡೇಟ್ ಆಗಿದೆ ಇನ್ನೊಂದು ಕಡೆ ಆಗಿಲ್ಲ ಅಂತ ಸಾಮಾನ್ಯವಾಗಿ ಅರ್ಥ. ನಿಮ್ ವಿಂಡೋಸ್ ಅಪ್‌ಡೇಟ್ ಪೂರ್ತಿ ಮಾಡಿ ನೋಡಿ. ಯೂಟ್ಯೂಬಲ್ಲಿ ರಿಜಿಸ್ಟ್ರಿಗೆ ಹೋಗಿ ಇದನ್ನ ಸೊನ್ನೆ ಮಾಡಿ ಅಂತ ಹೇಳ್ಕೊಡ್ತಾರಲ್ಲ, ಅದು ಪ್ರಿಂಟರ್ ಹಂಚ್ತಿರೋ ಕಂಪ್ಯೂಟರ್‌ನಲ್ಲಿ ಮಾಡೋ ಬದಲಾವಣೆ, ಅದೂ ರಕ್ಷಣೆ ತೆಗೆದು ಹಾಕೋದು. ಕಾಲೇಜ್ ಸರ್ವರಲ್ಲಿ ಅದನ್ನ ಮಾಡೋದು ಬಿಡೋದು ಅಡ್ಮಿನ್ ಇಷ್ಟ, ನಿಮ್ ಲ್ಯಾಪ್‌ಟಾಪಲ್ಲಿ ಮಾಡಿ ಏನೂ ಆಗಲ್ಲ.

ಮೂರನೇ ಜಾತಿ: ಆಫೀಸ್ ಟೇಬಲ್ ಮೇಲಿನ ಯುಎಸ್‌ಬಿ ಪ್ರಿಂಟರ್

ಎಚ್‌ಪಿ ಲೇಸರ್‌ಜೆಟ್ ಎಂ1005, ಕ್ಯಾನನ್ ಎಲ್‌ಬಿಪಿ2900, ಈ ಎರಡರಲ್ಲಿ ಒಂದು ಇಲ್ಲದ ಡಿಪಾರ್ಟ್‌ಮೆಂಟ್ ನಾನು ಕಂಡಿಲ್ಲ. ಗಟ್ಟಿ ಕುಳಗಳು, ವರ್ಷಗಟ್ಟಲೆ ಬರ್ತವೆ. ಆದ್ರೆ ಅವಕ್ಕೆ ನೆಟ್‌ವರ್ಕ್ ಇಲ್ಲ, ಏರ್‌ಪ್ರಿಂಟ್ ಇಲ್ಲ, ಪಿಸಿಎಲ್ಲೂ ಬರಲ್ಲ ಪೋಸ್ಟ್‌ಸ್ಕ್ರಿಪ್ಟೂ ಬರಲ್ಲ, ಪೇಜನ್ನ ಚಿತ್ರ ಮಾಡೋ ಕೆಲಸವನ್ನೆಲ್ಲಾ ಕಂಪ್ಯೂಟರ್ರೇ ಮಾಡ್ಕೊಡ್ಬೇಕು. ಅದಕ್ಕೇ ಯೂನಿವರ್ಸಲ್ ಡ್ರೈವರ್ ಇಲ್ಲಿ ನಡೆಯಲ್ಲ, ಆ ಮಾಡೆಲ್‌ದೇ ಡ್ರೈವರ್ ಬೇಕು. ಲಿನಕ್ಸಲ್ಲಿ ಎಂ1005ಗೆ ಎಚ್‌ಪ್ಲಿಪ್ ಅನ್ನೋ ಎಚ್‌ಪಿಯ ಡ್ರೈವರ್ ಸಾಫ್ಟ್‌ವೇರ್ ಹಾಕಿದ್ಮೇಲೂ ಅದರ ಪ್ಲಗಿನ್ ಬೇರೆ ಇಳಿಸ್ಬೇಕು, ಅದನ್ನ ಬಿಟ್ಟು ಆಗ್ತಿಲ್ಲ ಅಂತ ತಲೆ ಕೆಡಿಸ್ಕೋತಾರೆ.

ಇದನ್ನ ಶೇರ್ ಮಾಡೋದು ಹೇಗೆ ಅಂದ್ರೆ, ಪ್ರಿಂಟರ್ ಸಿಕ್ಕಿಸಿರೋ ಕಂಪ್ಯೂಟರಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್, ಟಿಕ್ ಹಾಕಿ ಒಂದು ಚಿಕ್ಕ ಹೆಸರು ಕೊಡೋದು, ನಡುವೆ ಜಾಗ ಬಿಡದೆ. ನೆಟ್‌ವರ್ಕ್ ಪ್ರೈವೇಟ್ ಅಂತ ಇರ್ಬೇಕು, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಇರ್ಬೇಕು, ಆ ಕಂಪ್ಯೂಟರಲ್ಲಿ ಒಂದು ಯೂಸರ್ ಅಕೌಂಟ್ ಮತ್ತೆ ಪಾಸ್‌ವರ್ಡ್ ಇರ್ಬೇಕು, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರಿಂಗ್‌ನ ಹೊಸ ವಿಂಡೋಸ್‌ಗಳು ಒಪ್ಪಲ್ಲ. ಆಮೇಲೆ ನಿಮ್ಮಲ್ಲಿ ಮೊದಲಿನ ಹಾಗೇ ಎರಡು ಹಿಂಗೆರೆ, ಆ ಕಂಪ್ಯೂಟರಿನ ಐಪಿ. ಆ ಕಂಪ್ಯೂಟರ್ ಆಫ್ ಆದ್ರೆ ಪ್ರಿಂಟರ್ರೂ ಇಲ್ಲ, ಸಂಜೆ ಐದಕ್ಕೆ ಬೀಗ ಬಿದ್ದ ಮೇಲಂತೂ ಇಲ್ಲವೇ ಇಲ್ಲ.

ಇದೆಲ್ಲಾ ಹೇಳಿದ್ಮೇಲೆ ನನ್ನ ಅಭಿಪ್ರಾಯ ಕೇಳಿದ್ರೆ, ಮಾಡ್ಬೇಡಿ. ನಾವು ಮಾಡಿದ್ವಿ. ಆಫೀಸಿನ ಮೇಡಂ ಒಪ್ಪಿ ಶೇರ್ ಮಾಡ್ಸಿದ್ರು, ಎರಡು ವಾರ ಸ್ವರ್ಗ. ವಿಂಡೋಸಲ್ಲಿ ಡೀಫಾಲ್ಟ್ ಪ್ರಿಂಟರನ್ನ ತಾನೇ ನೋಡ್ಕೋತೀನಿ ಅನ್ನೋ ಒಂದು ಸೆಟ್ಟಿಂಗ್ ಇದೆ, ನೀವು ಕೊನೇ ಸಲ ಬಳಸಿದ್ದನ್ನೇ ಡೀಫಾಲ್ಟ್ ಮಾಡತ್ತೆ, ಅದು ನನ್ನಲ್ಲಿ ಆನ್ ಇತ್ತು. ನಾನು ಲೈಬ್ರರಿಗೆ ಅನ್ಕೊಂಡು ಕೊಟ್ಟ 62 ಪೇಜಿನ ರಿಪೋರ್ಟ್ ಹೋಗಿದ್ದು ಆಫೀಸ್ ಪ್ರಿಂಟರ್‌ಗೆ, ಅಲ್ಲಿ ಅವರು ಹಾಲ್ ಟಿಕೆಟ್ ಪ್ರಿಂಟ್ ಕೊಟ್ಟು ಕೂತಿದ್ದಾರೆ, ಒಂದು ಹಾಲ್ ಟಿಕೆಟ್ ಆದ್ಮೇಲೆ ನನ್ನ ಅಬ್‌ಸ್ಟ್ರಾಕ್ಟ್, ಆಮೇಲೆ ಇಂಟ್ರೊಡಕ್ಷನ್, ಹೊರಗೆ ಕಾರಿಡಾರಲ್ಲಿ ಐವತ್ತು ಜನ ಕ್ಯೂ. "ಏನಪ್ಪಾ ಇದು, ನಿನ್ ಲಿಟರೇಚರ್ ಸರ್ವೇನ ಹಾಲ್ ಟಿಕೆಟ್ ಮಾಡ್ಕೊಂಡು ಎಕ್ಸಾಮ್ ಬರೀಲಾ ಮಕ್ಳು?" ಅಂದ್ರು ಮೇಡಂ. ಅವತ್ತೇ ಶೇರಿಂಗ್ ಬಂದ್. ಆ ಸೆಟ್ಟಿಂಗ್ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪೇಜಲ್ಲೇ ಕೆಳಗಿದೆ, ಈಗಲೇ ಹೋಗಿ ಆಫ್ ಮಾಡಿ. ಮತ್ತೆ ಇಂಥಾ ಪ್ರಿಂಟರ್ ಬೇಕೇ ಬೇಕಾದ್ರೆ ಕೇಳ್ಕೊಂಡು ಯುಎಸ್‌ಬಿ ಕೇಬಲ್‌ನ ನಿಮ್ ಲ್ಯಾಪ್‌ಟಾಪ್‌ಗೇ ಐದು ನಿಮಿಷ ಸಿಕ್ಕಿಸ್ಕೊಳ್ಳಿ, ಕೆಲಸ ಆದ್ಮೇಲೆ ಮರೀದೆ ಅವರ ಸಿಪಿಯುಗೆ ವಾಪಸ್ ಹಾಕಿ.

ಕನೆಕ್ಟ್ ಆದ್ಮೇಲೆ ಬರೋ ತಲೆನೋವು

ಪ್ರಿಂಟರ್ ಸುಮ್ನೆ ಲೈಟ್ ಮಿಣುಕಿಸ್ಕೊಂಡು ಲೋಡ್ ಲೆಟರ್ ಅಂತ ನಿಂತಿದ್ರೆ ಅದು ಪತ್ರ ಕೇಳ್ತಿಲ್ಲ, ಅಮೆರಿಕದ ಲೆಟರ್ ಸೈಜ್ ಪೇಪರ್ ಕೇಳ್ತಿದೆ. ಎ4 ಅಂದ್ರೆ 210 ಇಂಟು 297 ಮಿಲಿಮೀಟರ್, ಲೆಟರ್ 216 ಇಂಟು 279. ಲೇಟೆಕ್ ಅನ್ನೋ ಸಾಫ್ಟ್‌ವೇರಲ್ಲಿ ರಿಪೋರ್ಟ್ ಬರೆಯೋರಿಗೆ ಇದು ಜಾಸ್ತಿ, ಆರ್ಟಿಕಲ್ ಕ್ಲಾಸಿಗೆ ಎ4 ಅಂತ ನೀವು ಹೇಳದಿದ್ರೆ ಅದು ಲೆಟರ್ ಅಂತಲೇ ತಗೊಳ್ಳತ್ತೆ. ಫೈಲಲ್ಲೂ ಎ4, ಡ್ರೈವರ್ ಪ್ರಿಫರೆನ್ಸಲ್ಲೂ ಎ4 ಮಾಡಿ. ಅಮೆರಿಕಕ್ಕೆ ಹೋದೋರಿಗೆ ಇದೇ ಉಲ್ಟಾ.

ಕನ್ನಡ ಫೈಲ್ ಇದ್ದೋರು ಇದನ್ನ ಬಿಡದೆ ಓದಿ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಒಳಗೆ ನಿಜವಾಗಿ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇಲ್ಲದ ಲ್ಯಾಬ್ ಕಂಪ್ಯೂಟರಲ್ಲಿ ವರ್ಡ್ ಫೈಲ್ ತೆಗೆದ್ರೆ ತಲೆ ಮೇಲೆ ಚುಕ್ಕಿ ಟೋಪಿ ಇರೋ ಲ್ಯಾಟಿನ್ ಅಕ್ಷರದ ರಾಶಿ ಬರತ್ತೆ. ಯೂನಿಕೋಡಲ್ಲಿ ಟೈಪ್ ಮಾಡಿದ್ರೂ ಪೂರ್ತಿ ನಿಶ್ಚಿಂತೆ ಇಲ್ಲ, ತುಂಗಾ ಫಾಂಟ್ ವಿಂಡೋಸ್ 10ರಿಂದ ಬೇಕಾದ್ರೆ ಮಾತ್ರ ಹಾಕ್ಕೊಳ್ಳೋ ಹಾಗಾಗಿದೆ, ಅದಿಲ್ಲದ ಕಡೆ ನಿರ್ಮಲಾ ಅನ್ನೋ ಇನ್ನೊಂದು ಫಾಂಟ್ ಬಂದು ಕೂತು 80 ಪೇಜಿನ ಪ್ರಬಂಧ 84 ಆಗಿ ಪರಿವಿಡಿ ಎಲ್ಲಾ ಅಡಿಮೇಲು. ಹಾಗಾಗಿ ಟೈಪ್ ಮಾಡಿದ ಲ್ಯಾಪ್‌ಟಾಪಲ್ಲೇ ಪಿಡಿಎಫ್ ಮಾಡಿ, ಅಡೋಬಿ ರೀಡರಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್, ಫಾಂಟ್ಸ್ ಟ್ಯಾಬ್ ತೆಗೆದು ಪ್ರತಿ ಫಾಂಟ್ ಪಕ್ಕ ಎಂಬೆಡೆಡ್ (ಫಾಂಟ್ ಫೈಲ್ ಒಳಗೇ ಸೇರಿದೆ) ಅಂತ ಇದ್ಯಾ ನೋಡಿ. ಸ್ಕ್ರೀನಲ್ಲಿ ಸರಿ ಇದ್ದು ಹಾಳೆ ಮೇಲೆ ಮಾತ್ರ ಒತ್ತಕ್ಷರ ಬೇರೆ, ಮೂಲಾಕ್ಷರ ಬೇರೆ ನಿಂತಿದ್ರೆ, ಸ್ತ್ರೀ ಅನ್ನೋದು ಮೂರು ತುಂಡಾಗಿದ್ರೆ, ಪ್ರಿಂಟ್ ಡಬ್ಬಿಯ ಅಡ್ವಾನ್ಸ್ಡ್ ಒಳಗೆ ಪ್ರಿಂಟ್ ಆಸ್ ಇಮೇಜ್ ಟಿಕ್ ಹಾಕಿ. ನಿಧಾನ ಆಗತ್ತೆ, ಆದ್ರೆ ಪ್ರಿಂಟರ್‌ಗೆ ಅಕ್ಷರದ ಗೊಡವೆಯೇ ಇಲ್ಲ, ಚಿತ್ರ ಅಷ್ಟೇ. ಮೊದಲು ಒಂದು ಪೇಜ್ ಮಾತ್ರ ಕೊಟ್ಟು ನೋಡಿ.

ಉದ್ದುದ್ದ ಪುಟದ ಎರಡು ಬದಿ ಪ್ರಿಂಟ್‌ಗೆ ಲಾಂಗ್ ಎಡ್ಜ್ ಆರಿಸಿ, ಶಾರ್ಟ್ ಎಡ್ಜ್ ಕೊಟ್ರೆ ಹಿಂದಿನ ಪುಟ ತಲೆಕೆಳಗೆ.

ಜಾಬ್ ಡಿಲೀಟಿಂಗ್ ಅಂತ ತೋರಿಸ್ತಾ ಹೋಗದೇ ಇದ್ರೆ ವಿಂಡೋಸಲ್ಲಿ ಸರ್ವೀಸಸ್ ಅಂತ ಹುಡುಕಿ ತೆರೆದು ಪ್ರಿಂಟ್ ಸ್ಪೂಲರ್ ಸ್ಟಾಪ್ ಮಾಡಿ, ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್ ಒಳಗಿರೋ ಫೈಲ್‌ಗಳನ್ನ ಮಾತ್ರ ಅಳಿಸಿ, ಫೋಲ್ಡರ್ ಅಲ್ಲ, ಮತ್ತೆ ಸ್ಟಾರ್ಟ್ ಮಾಡಿ.

ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಸಿಸ್ಟಮ್ ಅಡ್ಮಿನ್ ಹತ್ರ ಹೋಗಿ, ಆದ್ರೆ "ಸರ್ ಪ್ರಿಂಟ್ ಬರ್ತಿಲ್ಲ" ಅಂತ ಬರಿಗೈಯಲ್ಲಿ ಹೋಗ್ಬೇಡಿ. ಆ ಕಾನ್ಫಿಗರೇಶನ್ ಹಾಳೆ ಫೋಟೋ, ಎರರ್ ನಂಬರ್ ಪೂರ್ತಿ ಕಾಣೋ ಸ್ಕ್ರೀನ್‌ಶಾಟ್, ಯಾವ ವೈಫೈನಲ್ಲಿದ್ರಿ, ವಿಂಡೋಸ್ ಯಾವ ವರ್ಷನ್, ಬ್ರೌಸರಲ್ಲಿ ಪ್ರಿಂಟರ್ ಪೇಜ್ ಬಂತಾ ಇಲ್ವಾ, ಇಷ್ಟು ಹೇಳಿದ್ರೆ ಅವರೇ ಖುರ್ಚಿ ಎಳೆದು ಕೂರಿಸ್ತಾರೆ. ಲ್ಯಾಪ್‌ಟಾಪ್ ಜೊತೆಗೆ ಚಾರ್ಜರ್ರೂ ತಗೊಂಡು ಹೋಗಿ, ನಮ್ ಕಡೆ ಅಡ್ಮಿನ್ ಸರ್ ಊಟಕ್ಕೆ ಒಂದಕ್ಕೆ ಎದ್ರೆ ಎರಡೂವರೆಗೆ ಬರೋದು, ಅಷ್ಟರಲ್ಲಿ ಬ್ಯಾಟರಿ ಹೋಗಿರತ್ತೆ.